ಓರೆಯಾಗಿ ಮಲಗಿದ ನೆರಳಜ್ಜನವರು

ಬೀದರ್ ಸೀಮೆಯ ಕೆಮ್ಮಣ್ಣಿನ ಒಂದು ಕೋಟೆಪೇಟೆಯಲ್ಲಿ, ಮಸೀದಿಯ ಹಿಂದಿನ ಸೋರುವ ಗುಡಿಸಲಿನಲ್ಲಿ, ಪೂಜ್ಯ ಹಜರತ್ ಯೂನುಸ್ ಸಾಹೇಬರು ವಾಸವಾಗಿದ್ದರು. ಸೂರ್ಯ, ಚಂದ್ರ, ತಾರೆಗಳ ನಡೆ ಲೆಕ್ಕ ಹಾಕಿ ನಮಾಜಿನ ಹೊತ್ತು ತಿಳಿಸುವುದು ಆ ಮಹಾತ್ಮರ ಕಾಯಕ. ಅಂಗಳದಲ್ಲಿ ಕೋಲು ನೆಟ್ಟು ಅದರ ನೆರಳನ್ನೇ ನೋಡುತ್ತ ಕೂಡುತ್ತಿದ್ದುದರಿಂದ ಜನ ಅವರನ್ನು ನೆರಳಜ್ಜನವರು ಎನ್ನುತ್ತಿದ್ದರು. ಜಾತಕ ಕೇಳಲು ಬಂದವರನ್ನು, ಎಂಥ ಸಾಹುಕಾರರೇ ಇರಲಿ, "ನಕ್ಷತ್ರಕ್ಕೆ ನಿನ್ನ ಮಗಳ ಹೆಸರೇ ಗೊತ್ತಿಲ್ಲ, ಹೋಗಪ್ಪ" ಎಂದು ಬಾಗಿಲಿಂದಲೇ ಕಳಿಸುವರು.

ಆ ಮಸೀದಿ ಕಟ್ಟಿಸಿದವನು ಕೋಟೆಯ ಅಧಿಕಾರಿ, ಕಿಲ್ಲೇದಾರ ದಿಲಾವರ್ ಖಾನ. ಗೋಡೆ ಸರಿಯಾಗಿ ಕಾಬಾದ ಕಡೆ ಮುಖ ಮಾಡಬೇಕಾದರೆ ಬಲಗಡೆಯ ಒಂದು ಮನೆಯ ಜಗಲಿ ಕೆಡವಬೇಕಿತ್ತು. ಆ ಮನೆ ಯಾರದು? ಖಾನ ಇಟ್ಟುಕೊಂಡಿದ್ದ ಹಾಡುಗಾರ್ತಿಯದು. ಜಗಲಿ ಉಳಿಯಿತು, ದೇವರ ಮನೆಯ ಗೋಡೆ ಎಡಕ್ಕೆ ತಿರುಗಿತು. ಊರಿನ ದೊಡ್ಡವರಿಗೆಲ್ಲ ಗೊತ್ತಿತ್ತು, ಗೊತ್ತಿದೆ ಅನ್ನುವ ಬಾಯಿ ಮಾತ್ರ ಒಂದೂ ಇರಲಿಲ್ಲ.

ಒಂದು ಶುಕ್ರವಾರ ಕಾಜಿ, ಖಾನನಿಗೆ ಬೆಣ್ಣೆ ಹಚ್ಚಲು ಹೋಗಿ, "ನಮ್ಮ ಮಸೀದಿ ಎಷ್ಟು ನೆಟ್ಟಗಿದೆ, ಎಲ್ಲರಿಗೂ ಹೇಳಿ ಹಜರತ್" ಎಂದ. ಹಜರತರು "ಓರೆಯಿದೆ" ಎಂದರು. ಅಷ್ಟೇ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಖಾನ ಅಂದೇ ಅವರ ಜೋಳದ ಪಡಿ ನಿಲ್ಲಿಸಿದ.

ಈ ಮಾತು ಹೋಗಿ ಚುಚ್ಚಿದ್ದು ಮಾತ್ರ ಪಿಂಜಾರರ ಹಾಜರಾಬಿಯನ್ನು. ಗಂಡ ಸತ್ತ ಮೇಲೆ ಅರಳೆ ಹಿಂಜಿ ಸಾಕಿದ ಒಬ್ಬನೇ ಮಗ ಪೀರು ಸಿಡುಬಿಗೆ ಹೋಗಿದ್ದ. ಊರಿನ ಗೋರಿಗಳೆಲ್ಲ ಮಸೀದಿಯ ಗೋಡೆ ನೋಡಿಯೇ ತೋಡಿದವು. ಕೂಸಿನ ಮುಖವಾದರೂ ಕಾಬಾದ ಕಡೆ ಇದೆಯೆಂಬ ಒಂದೇ ಸಮಾಧಾನ ಅವಳಿಗಿತ್ತು. ಕಾಜಿ ಅದನ್ನೂ ಬಿಡಲಿಲ್ಲ. "ಆ ಮುದುಕ ಹೇಳೂದು ಖರೇ ಆದ್ರ ನಿನ್ನ ಮಗ ಅಡ್ಡದಾರಿ ನೋಡಕೋತ ಮಲಗ್ಯಾನ. ಹೋಗಿ ಮಾತು ವಾಪಸ್ ತಗೊಳ್ಳಂತ ಹೇಳು" ಎಂದು ಕಿವಿಯೂದಿದ.

ಅವಳು ಗುದ್ದಲಿ ಹೊತ್ತೇ ಬಂದಳು.

"ಏನ್ರೀ ಅಜ್ಜಾ, ಕೋಲಿನಾಟ ಆಡಕೋತ ಕೂಡೂದು ಬಿಟ್ಟು ಸತ್ತ ಕೂಸಿನ ತಂಟೆಗೆ ಯಾಕ ಬಂದ್ರಿ? ಶುಕ್ರವಾರ ನಾಕು ಮಂದಿ ಮುಂದ ತಪ್ಪಾತು ಅನ್ರಿ. ನಿಮ್ಮದೇನು ಹೋಗತದ? ಇಲ್ಲಂದ್ರ ಈಗೇ ಹೋಗಿ ಅಗದು ನನ್ನ ಕೂಸಿನ ಮಾರಿ ತಿರುಗಸ್ತೀನಿ."

ರೋಹಿಣಿ ಮಳೆಯ ದಿನಗಳು ಅವು. ಸೂರ್ಯ ಕಾಬಾದ ನೆತ್ತಿಯ ಮೇಲೆ ಬಂದು ನಿಲ್ಲುವ ದಿನವೂ ಅಂದೇ. ಆ ಹೊತ್ತಿಗೆ ಬೀಳುವ ನೆರಳಿನ ಗೆರೆ ಕಾಬಾದ ದಾರಿಗೆ ನೇರವಾಗಿರುತ್ತದೆ. ಹಜರತರು ಅವಳನ್ನು ಕೋಲಿನ ಬಳಿ ನಿಲ್ಲಿಸಿದರು. ಮಸೀದಿಯ ಗೋಡೆಗೆ ನೆಟ್ಟಗಿರಬೇಕಾದ ನೆರಳು ಓರೆಯಾಗಿ ಬಿದ್ದಿತ್ತು. ಅಕ್ಷರ ಬಾರದವಳಿಗೂ ಕಾಣುವಷ್ಟು ಓರೆ.

"ಹಂಗಾರ ಖರೇನ," ಎಂದು ಹಾಜರಾಬಿ ಗೋರಿಗಳ ಕಡೆ ತಿರುಗಿದಳು.

ಹಜರತರು ಅವಳ ಕೈಯಿಂದ ಗುದ್ದಲಿ ತೆಗೆದಿಟ್ಟು ನುಡಿದರು: "ನೆರಳು ನನ್ನ ಮಾತು ಕೇಳುವುದಿಲ್ಲ, ಬೇಟಿ. ಸುಳ್ಳು ಹೇಳಲಾರೆ. ಕೂಸನ್ನು ಎಬ್ಬಿಸಬೇಡ. ನಾ ಸತ್ತಾಗ ಅವನ ಮಗ್ಗಲಿಗೇ ಮಲಗಿಸು, ಅದೇ ಓರೆಯಲ್ಲಿ. ಮೇಲಿನವನು ಕೇಳುವುದಿದ್ದರೆ ಮೊದಲು ನನ್ನನ್ನು ಕೇಳಲಿ. ನಾನು ತಿಳಿದು ಮಲಗಿದವನು, ಅವನು ತಿಳಿಯದವನು."

ಪಡಿಯಿಲ್ಲದ ದೇಹ ಎಷ್ಟು ದಿನ ತಡೆದೀತು? ಹಾಜರಾಬಿ ತಂದ ಗಂಜಿಯಲ್ಲಿ ಅರ್ಧ ಬಾಗಿಲಿಗೆ ಬಂದ ಬೆಕ್ಕಿಗೆ ಹಾಕುತ್ತಿದ್ದರು. ಚಳಿಗಾಲದಲ್ಲಿ ಹಜರತರು ಕಣ್ಣು ಮುಚ್ಚಿದರು. ಪೀರುವಿನ ಮಗ್ಗಲಿಗೆ ಅದೇ ಓರೆಯಲ್ಲಿ ಮಲಗಿಸಬೇಕೆಂದು ಅವರು ಹೇಳಿಟ್ಟಿದ್ದನ್ನು ಅವಳು ತಿಳಿಸಿದಾಗ ಕಾಜಿ ಕುಣಿಯದಿದ್ದದ್ದೇ ಹೆಚ್ಚು. "ನೋಡಿದಿರಾ, ಸಾಯುವಾಗ ಬುದ್ಧಿ ಬಂತು. ನಮ್ಮ ಗೋಡೆಯ ಲೆಕ್ಕಕ್ಕೇ ಮಲಗಿದ" ಎಂದು ಊರೆಲ್ಲ ಸಾರಿದ. ಬದುಕಿದ್ದಾಗ ಒಂದು ಹಿಡಿ ಜೋಳ ಕೊಡದ ಖಾನ ಗೋರಿಗೆ ರೇಶಿಮೆ ಹೊದಿಸಿದ. ವರ್ಷ ವರ್ಷ ಉರುಸು ಕೂಡಿತು. ಜಾತಕ ಹಿಡಿದವರೇ ಸಾಲುಗಟ್ಟಿ ಬಂದು ಮಗಳ ಮದುವೆಗೆ ನಕ್ಷತ್ರ ಬೇಡಿದರು.

ಹಾಜರಾಬಿ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಅಜ್ಜ ಮಾತು ತಿರುಗಿಸಲಿಲ್ಲರೀ. ನನ್ನ ಮಗನ ಸಲುವಾಗಿ ಹಿಂಗ ಮಲಗ್ಯಾನ." ಗೋರಿ ಕಾಯುವ ಮುಜಾವರ ಅವಳನ್ನು ಹುಚ್ಚಿಯೆಂದು ಭಕ್ತರ ತಲೆ ಸವರುವ ನವಿಲುಗರಿಯ ಕಟ್ಟಿನಿಂದಲೇ ಬಡಿದು ದಬ್ಬಿದ. ಅವಳು ಮರುದಿನವೂ ಬಂದಳು.

ಕೋಲಿನಾಟವೆಂದು ಬೈದವಳು, ಮುಪ್ಪಿನಲ್ಲಿಯೂ ರೋಹಿಣಿ ಮಳೆಯ ಆ ದಿನ ತಪ್ಪಿಸಲಿಲ್ಲ. ಅರಳೆ ಹಿಂಜುವ ಬಿಲ್ಲಿನ ಕೋಲು ತಂದು ಮೊದಲು ದೊಡ್ಡ ಗೋರಿಯ ಬಳಿ ನಿಲ್ಲಿಸುವಳು, ಆಮೇಲೆ ಸಣ್ಣದರ ಬಳಿ. ನೆರಳು ಎರಡರ ಮೇಲೂ ಓರೆಯಾಗಿಯೇ ಬೀಳುತ್ತಿತ್ತು. ಕಡಿಮೆಯಿಲ್ಲ, ಹೆಚ್ಚಿಲ್ಲ. ಅದನ್ನು ಕಣ್ತುಂಬ ನೋಡಿ, ಕೋಲು ಹೆಗಲಿಗೇರಿಸಿ ಮನೆಗೆ ಹೋಗುವಳು.