ಅಂಬಿಗನ ಕಿವಿಯ ಒಂಟಿ

"ಇದಕ್ಕೆ ಅಕ್ಷರ ಹತ್ತುವುದಿಲ್ಲ, ಎಮ್ಮೆ ಕಾಯಲು ಕಳಿಸಿ" ಎಂದು ಊರಿನ ಮಾಸ್ತರರು ಕೈಬಿಟ್ಟ ಕಿವುಡು ಹುಡುಗಿ ದ್ಯಾಮಕ್ಕ. ಬೆಲ್ಲ ಕಟ್ಟಿಕೊಟ್ಟ ಕಾಗದ ಬಿಡಿಸಿ ಬಿಡಿಸಿ ತಾನೇ ಓದು ಕಲಿತಳು. ಮಾಸ್ತರರು ತೀರಿಕೊಂಡು ಬಹಳ ವರ್ಷವಾಯಿತು. ಹೊಳೆಯ ದಂಡೆಯಲ್ಲಿ ದ್ಯಾಮಕ್ಕನ ಶಾಲೆ ನಡೆದೇ ಇದೆ. ಹನ್ನೆರಡು ಕಿವುಡು ಮಕ್ಕಳು. ಪಾಠವೆಲ್ಲ ಕೈಮಾತಿನಲ್ಲಿ.

ಅಲ್ಲಿ ಕಲಿಸುವುದನ್ನು ಕಲಿಯಲು ವಾರಿಜೆ ಬಂದು ತಿಂಗಳಾಗಿತ್ತು. ಅವಳಿಗೆ ಕಿವಿ ಕೇಳುತ್ತಿತ್ತು.

ಒಂದು ಸೋಮವಾರ ಅಂಬಿಗ ತಿಪ್ಪಣ್ಣ ಅಂಗಳಕ್ಕೆ ಬಂದ. ಎಡಗಿವಿಯಲ್ಲಿ ಬಂಗಾರದ ಒಂಟಿ ಹೊಳೆಯುತ್ತಿತ್ತು. ಅವನ ಮಗಳು ಚೆನ್ನಿ ಶಾಲೆ ಸೇರಿ ವರ್ಷವಾಗಿತ್ತು.

"ನನ್ನ ಅಪ್ಪಾ ಅಂತ ಕರಿಯಾಕ ಬಂತೇನ್ರಿ ಅಕ್ಕಾರ?"

"ಇನ್ನೂ ಇಲ್ಲಣ್ಣಾ" ಎಂದಳು ವಾರಿಜೆ.

"ಮತ್ತ ವರ್ಷಗಟ್ಲೆ ಏನ್ ಕಲಿಸಿದ್ರಿ? ಕೈ ಬೀಸೂದಾ? ಅದನ್ನ ನಮ್ಮನಿ ಬೀಸಣಿಗೀನೂ ಮಾಡ್ತೈತಿ. ಮುಂದಿನ ಸೋಮವಾರ ಬರ್ತೀನಿ. ಕರದ್ರ ಇರಲಿ. ಇಲ್ಲಂದ್ರ ಕರ್ಕೊಂಡು ಹೋಗಾವ."

ವಾರಿಜೆ ಹಟಕ್ಕೆ ಬಿದ್ದಳು. ಚೆನ್ನಿಯ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು, ತುಟಿ ತೋರಿಸಿ, "ಅ... ಪ್ಪ" ಎಂದಳು.

ಮಗುವಿನ ಬಾಯಿಂದ ಬರೀ ಉಸಿರು ಬಂತು. ಕೈ ಮಾತ್ರ ಪ್ರತಿ ಸಲವೂ ಎಡಗಿವಿಯ ತುದಿಗೆ ಹೋಗಿ ಚಿವುಟಿತು.

ಪಾಪ, ಕಿವಿ ಕೇಳದೆಂದು ಹೇಳುತ್ತಿದೆ ಎಂದುಕೊಂಡಳು ವಾರಿಜೆ. ಎರಡು ದಿನ ಕೈ ಇಳಿಸಿ ಇಳಿಸಿ ನೋಡಿದಳು. ಮೂರನೆಯ ದಿನ ಪಂಚೆಯ ತುಂಡಿನಿಂದ ಎರಡೂ ಕೈ ಹಿಂದಕ್ಕೆ ಕಟ್ಟಿದಳು.

ದ್ಯಾಮಕ್ಕ ಬಂದಳು. ಗಂಟು ಬಿಚ್ಚಿದಳು. ಅದೇ ಬಟ್ಟೆಯನ್ನು ವಾರಿಜೆಯ ಬಾಯಿಗೆ ಕಟ್ಟಿದಳು.

"ಎಷ್ಟು ದಿನ?" ಕೈಯಲ್ಲಿ ಕೇಳಿದಳು ವಾರಿಜೆ.

"ಸೋಮವಾರದವರೆಗೆ. ಊಟಕ್ಕೆ ಬಿಚ್ಚಿಕೋ. ಮಾತಿಗೆ ಬೇಡ."

ಮರುದಿನ ಅಂಬಲಿ ಬಡಿಸುವಾಗ ಚೆನ್ನಿ ಗೆಳತಿಗೆ ಏನನ್ನೋ ಹೇಳುತ್ತಿದ್ದಳು. ಎಡಗಿವಿ ಚಿವುಟಿದಳು. ದೋಣಿಯ ಹುಟ್ಟು ಹಾಕುವಂತೆ ಕೈ ಆಡಿಸಿದಳು. ಮೊಳದುದ್ದದ ಮೀನು ತೋರಿಸಿದಳು. ಗೆಳತಿ ನಂಬಲಿಲ್ಲ. ತಾನೂ ಎಡಗಿವಿ ಚಿವುಟಿ, ಗೇಣುದ್ದದ ಮೀನು ತೋರಿಸಿ ನಕ್ಕಳು.

ವಾರಿಜೆಯ ಕೈಯ ಸೌಟು ನಿಂತಲ್ಲೇ ನಿಂತಿತು.

ಸೋಮವಾರ ಹೊಳೆ ತುಂಬಿ ಭೋರ್ಗರೆಯುತ್ತಿತ್ತು. ನಡುನೀರಿನಲ್ಲಿ ತಿಪ್ಪಣ್ಣನ ದೋಣಿ. ವಾರಿಜೆ ಬಾಯಿಯ ಬಟ್ಟೆ ಕಿತ್ತು, ಗಂಟಲು ಹರಿಯುವಂತೆ ಕೂಗಿದಳು. ಅವನು ತಲೆ ಎತ್ತಲಿಲ್ಲ.

ದಂಡೆ ಹತ್ತಿರವಾದಾಗ ಅವನ ಕಣ್ಣು ಮಗಳನ್ನು ಹುಡುಕಿತು. ಚೆನ್ನಿ ಮೆಟ್ಟಿಲ ಮೇಲೆ ಜಿಗಿಯುತ್ತಾ ಕಿವಿ ಚಿವುಟಿದಳು. ಮತ್ತೆ ಚಿವುಟಿದಳು.

ದೋಣಿ ಕಟ್ಟಿ ಮೇಲೆ ಬಂದ ತಿಪ್ಪಣ್ಣ ಕೇಳಿದ: "ಕಲ್ತಳೇನ್ರಿ?"

"ನಾ ಕೂಗಿದ್ದು ಕೇಳಿಸ್ತೇನಣ್ಣಾ?"

"ಈ ನೀರಿನಾಗ ಏನ್ ಕೇಳಸ್ತೈತಿ."

"ಚೆನ್ನಿ ಕರದದ್ದು ಕಾಣಿಸ್ತೇನು?"

"ಎಲ್ಲಿ ಕರದ್ಳು? ಸುಮ್ನ ಕಿವಿ ಹಿಡಕೊಂಡು..."

ತಿಪ್ಪಣ್ಣನ ಕೈ ತಾನಾಗಿ ಒಂಟಿಯ ಮೇಲೆ ಹೋಯಿತು. ಚೆನ್ನಿ ಕುಣಿದಾಡಿದಳು.

"ವರ್ಷದಿಂದ ಕರೀತಾಳಣ್ಣಾ. ನಾನ ತಿಳೀದೆ ಕೈ ಕಟ್ಟಿದ್ದೆ."

ಅಂಬಿಗ ಮೆಟ್ಟಿಲ ಮೇಲೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಮಗಳನ್ನು ಹತ್ತಿರ ಎಳೆದುಕೊಂಡು, "ಇಕಿನ್ನ ನಾ ಹೆಂಗ ಕರೀಬೇಕ್ರಿ? ತೋರಸ್ರಿ" ಎಂದ.

ಅವನು ಒಬ್ಬನೇ ದೋಣಿ ಹತ್ತಿ ಹೋದ ಮೇಲೆ ವಾರಿಜೆ ಗುರುವಿನ ಮುಂದೆ ಕೂತಳು. ಕೈಯಲ್ಲೇ ಕೇಳಿದಳು: "ಆದರೂ ಅಕ್ಕಾ, ಬಾಯಿಂದ ಒಂದು ಸಲ ಅಪ್ಪಾ ಅಂದಿದ್ದರೆ ಚೆಂದವಿರುತ್ತಿರಲಿಲ್ಲವೇ?"

ದ್ಯಾಮಕ್ಕ ಬಾಯಿ ತೆರೆದಳು. ಅವಳ ದನಿಯನ್ನು ವಾರಿಜೆ ಕೇಳಿದ್ದು ಅದೇ ಮೊದಲು. ಒಡಕು ದನಿ, ಆದರೆ ಸ್ಪಷ್ಟವಾಗಿತ್ತು.

"ಅವ್ವಾ."

ಆಮೇಲೆ ಕೈಯಲ್ಲಿ ಹೇಳಿದಳು:

"ನನ್ನ ಬಾಯಿಗೆ ಬರುವುದು ಇದೊಂದೇ ಮಾತು. ಮನೆಯಲ್ಲಿ ಕೈ ಕಟ್ಟಿಸಿಕೊಂಡು ಹನ್ನೊಂದು ವರ್ಷ ಕಲಿತೆ. ಆ ಹನ್ನೊಂದು ವರ್ಷ ಅವ್ವನೂ ನಾನೂ ಬೇರೆ ಏನನ್ನೂ ಮಾತಾಡಲಿಲ್ಲ."