ಮುಖ ಕೊನೆಗೆ

“ಗುರುಗಳೇ, ಆರು ತಲೆಮಾರಿನಿಂದ ನಮ್ಮ ಮನೆಯಲ್ಲಿ ವೀಣೆ ಮಾಡುತ್ತಿದ್ದೇವೆ. ನಮ್ಮ ವೀಣೆ ನುಡಿಯದ ಸಭೆ ಈ ಸೀಮೆಯಲ್ಲಿಲ್ಲ. ನನ್ನ ತಂದೆಯಾಗಲಿ ತಾತನಾಗಲಿ ಯಾರಿಂದಲೂ ಒಂದು ಮಾತು ಕೇಳಿದವರಲ್ಲ. ಅಂಥ ಮನೆಯ ಬಾಗಿಲಲ್ಲಿ ನಿಂತು, ಹತ್ತು ಜನರ ಎದುರಿಗೆ, ತಮಗೊಂದು ವೀಣೆ ಮಾಡಿಕೊಡಲು ಹೇಳಿದ್ದ ವಿದುಷಿ ಭಾಗೀರಥಮ್ಮನವರು ನನ್ನನ್ನು ಸೋಮಾರಿ ಎಂದರು. ಅವರು ನನ್ನ ಕ್ಷಮೆ ಕೇಳಬೇಕೋ ಬೇಡವೋ?”

ವರದಯ್ಯ ಇದನ್ನು ನಿಂತುಕೊಂಡೇ ಕೇಳಿದ. ನಮಸ್ಕಾರವನ್ನೂ ಮಾಡದೆ ಹಿರಿಯರ ಮುಂದೆ ಹಾಗೆ ನಿಲ್ಲುವುದು ಅವನ ಮನೆಯಲ್ಲಿ ಕಲಿಸಿದ ನಡತೆಯಲ್ಲ. ಗುರುಗಳು ಚಾಪೆ ತೋರಿಸಿದರು. ಅವನು ಕುಳಿತ.

“ಮತ್ತೇನೆಂದರು?”

“‘ನನ್ನ ಬೆರಳುಗಳು ದಿನದಿಂದ ದಿನಕ್ಕೆ ಬಿಗಿಯುತ್ತಿವೆ, ನೀನು ವೀಣೆ ಕೊಡುವ ಹೊತ್ತಿಗೆ ನಾನು ಅದರ ಧೂಳು ಒರೆಸಿಕೊಂಡು ಕೂರಬೇಕಷ್ಟೆ,’ ಎಂದರು. ಎಲ್ಲರೂ ನಕ್ಕರು.”

“ಮರ ಇನ್ನೂ ಒಣಗಿಲ್ಲವೇ?”

“ಒಣಗಿ ಮೂರು ವರ್ಷವಾಯಿತು. ದಿನವೂ ತಟ್ಟಿ ನೋಡುತ್ತೇನೆ. ಉಳಿ ಇಡಲು ಧೈರ್ಯ ಬರುವುದಿಲ್ಲ. ಒಮ್ಮೆ ಕೊರೆದದ್ದನ್ನು ಮತ್ತೆ ತುಂಬಲಾಗದು. ಆ ವೀಣೆಯ ನಾದ ನನ್ನೊಳಗೆ ಕೂಡಿಬರಲೆಂದು ಕಾಯುತ್ತಿದ್ದೇನೆ. ಕಾಯುವುದು ಸೋಮಾರಿತನವೇ?”

“ಹಸಿ ಮರ ಕೊರೆಯುವವನು ಮೂರ್ಖ. ಕಾಯಲೇಬೇಕು,” ಎಂದು ಗುರುಗಳು ಕತೆ ಹೇಳಿದರು.

“ಒಬ್ಬ ಚಿತ್ರಗಾರನಿದ್ದ. ಅವನ ಬಳಿಗೆ ಒಬ್ಬ ಮುದುಕಿ ಬಂದಳು. ಅವಳ ಗಂಡ ಅಂಬಿಗ. ತೀರಿಹೋಗಿ ನಲವತ್ತು ವರ್ಷವಾಗಿತ್ತು. ಅವನ ಮುಖ ಕಂಡವರಲ್ಲಿ ಉಳಿದವಳು ಅವಳೊಬ್ಬಳೇ. ತಾನು ಹೋದ ಮೇಲೂ ಆ ಮುಖ ಮನೆಯಲ್ಲಿರಲೆಂದು ಚಿತ್ರ ಬರೆಸಲು ಬಂದಿದ್ದಳು.

‘ಹುಬ್ಬಿನ ಮೇಲೆ ದೋಣಿಯ ಗಳ ಬಡಿದ ಗುರುತು,’ ಎಂದು ಆರಂಭಿಸಿದಳು.

‘ಮುಖ ಕೊನೆಗೆ, ಅಜ್ಜಿ,’ ಎಂದ ಚಿತ್ರಗಾರ. ‘ಅದು ನಮ್ಮ ಕಸುಬಿನ ಕ್ರಮ. ಆಗ ಹೇಳುವಿರಂತೆ.’

ಕ್ರಮವೇನೋ ನಿಜ. ಅವನು ದೋಣಿ ಬರೆದ. ಹೆಗಲಿಗೆ ಕಂಬಳಿ ಬರೆದ. ನೀರು ಬರೆದ. ಮುಖಕ್ಕೆಂದು ಬಿಟ್ಟ ಬಿಳಿ ಜಾಗವನ್ನು ನೋಡಿದಾಗಲೆಲ್ಲ ಅದ್ದಿದ ಕುಂಚವನ್ನು ಕೆಳಗಿಡುತ್ತಿದ್ದ. ತಪ್ಪಿದರೆ? ಆಗ ನೀರನ್ನು ಅಳಿಸಿ ಮತ್ತೆ ಬರೆದ. ಹಾಗೆ ಮೂರು ಸಲ ಬರೆದ. ನೋಡಿದವರು ನೀರನ್ನು ಹೊಗಳಿದರು.

ಮುದುಕಿ ಪ್ರತಿ ಸೋಮವಾರ ಬಂದು ನೋಡುತ್ತಿದ್ದಳು. ‘ನೀರನ್ನ ಹೊಳೆಯಲ್ಲಿ ದಿನಾ ನೋಡ್ತೀನಪ್ಪ. ನಾನು ಕೇಳಿದ್ದು ಗಂಡನ್ನ,’ ಎನ್ನುತ್ತಿದ್ದಳು.

ಅವಳು ಬೆಳಿಗ್ಗೆ ಎದ್ದ ಕೂಡಲೇ, ಬೇರೆ ಯಾರ ಮುಖವನ್ನೂ ನೋಡುವ ಮೊದಲು, ಗಂಡನ ಮುಖವನ್ನು ನೆನೆಯುತ್ತಿದ್ದಳು. ಹಣೆ, ಹುಬ್ಬು, ಮೂಗು ಎಂದು ಒಂದೊಂದಾಗಿ ಮುಟ್ಟಿಕೊಂಡು ಹೋಗುತ್ತಿದ್ದಳು. ಒಂದು ದಿನ ಹುಬ್ಬಿನಲ್ಲಿ ನಿಂತಳು. ಗುರುತು ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಬರಿಗಾಲಲ್ಲೇ ಓಡಿ ಬಂದಳು.

‘ಎಡ ಹುಬ್ಬೋ ಬಲ ಹುಬ್ಬೋ? ಮೊದಲ ದಿನವೇ ನಿನಗೆ ಹೇಳಲು ಬಂದಿದ್ದೆನಲ್ಲ! ಇವತ್ತೇ ಬರಿಯಪ್ಪ. ಉಳಿದದ್ದಾದರೂ ಉಳಿಯಲಿ.’

ಚಿತ್ರಗಾರ ಕಂಬಳಿಯ ಅಂಚು ತಿದ್ದುತ್ತಿದ್ದ. ‘ಮನಸ್ಸು ಹದಕ್ಕೆ ಬರಬೇಕಲ್ಲ, ಅಜ್ಜಿ. ದೀಪಾವಳಿ ಕಳೆಯಲಿ,’ ಎಂದ.

ದೀಪಾವಳಿ ಕಳೆಯಿತು. ಯುಗಾದಿಯೂ ಕಳೆಯಿತು. ಕೊನೆಗೊಂದು ದಿನ ಅವನ ಮನಸ್ಸು ಹದಕ್ಕೆ ಬಂತು. ಮುದುಕಿಯನ್ನು ಕರೆಸಿ ಹಲಗೆಯ ಮುಂದೆ ಕೂರಿಸಿದ. ಕುಂಚ ಅದ್ದಿ, ‘ಈಗ ಹೇಳಿ, ಅಜ್ಜಿ,’ ಎಂದ.

ಮುದುಕಿ ಕಣ್ಣು ಮುಚ್ಚಿದಳು.

‘ದೋಣಿ ಕಾಣುತ್ತೆ,’ ಎಂದಳು. ‘ನೀನು ಹೊದಿಸಿದ ಕಂಬಳಿ ಕಾಣುತ್ತೆ. ಅದರ ಮೇಲೆ, ಈ ಹಲಗೆಯಲ್ಲಿರುವ ಹಾಗೇ, ಬಿಳಿ ಜಾಗ ಕಾಣುತ್ತೆ.’”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುಂದೆ ಇನ್ನೇನೋ ಇದೆ ಎಂದು ವರದಯ್ಯ ಕಾದ.

“ಭಾಗೀರಥಮ್ಮನವರ ಬೆರಳು ಈಗ ಎಷ್ಟು ಬಗ್ಗುತ್ತವೆ, ನೋಡಿದೆಯಾ?”

ವರದಯ್ಯ ತನ್ನ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿದ.

“ಕ್ಷಮೆ ಕೇಳಬೇಕಾದವನು ನೀನು. ಎದ್ದು ಹೋಗಿ ಕೇಳು.”