ಸೊನ್ನೆಗೂ ‘ಆಯ್ತು’ ಅಂದ ಯಂತ್ರ

ಒಂದು ತಾಲ್ಲೂಕು ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ ಕಂಪ್ಯೂಟರ್ ಇತ್ತು. ಯಾವ ಔಷಧ ಎಲ್ಲಿಗೆ ಹೋಗಬೇಕು ಅಂತ ಆಜ್ಞೆ ಕೊಟ್ಟರೆ ಅದು ಹೇಳುತ್ತಿದ್ದದ್ದು ಒಂದೇ ಮಾತು: ‘ಆಯ್ತು’. ಹತ್ತು ಕಳಿಸಿದರೂ ಆಯ್ತು, ಏನೂ ಕಳಿಸದಿದ್ದರೂ ಆಯ್ತು. ಎಂಥಾ ಭಂಡ ಉತ್ತರ ನೋಡಿ!

ಉಗ್ರಾಣ ನೋಡಿಕೊಳ್ಳುತ್ತಿದ್ದ ಸುನಂದಮ್ಮ ಒಮ್ಮೆ ಕೆಂಬಾರೆ ಉಪಕೇಂದ್ರಕ್ಕೆ ಹಾವು ಕಡಿತದ ಹತ್ತು ಇಂಜೆಕ್ಷನ್ ಕಳಿಸಲು ಆಜ್ಞೆ ಕೊಟ್ಟರು. ಕೇಂದ್ರದ ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು. ಆ ನಂಬರಿನ ಕೇಂದ್ರವೇ ಇಲ್ಲ, ಒಂದೂ ಹೋಗಲಿಲ್ಲ. ಯಂತ್ರ ಮಾತ್ರ ‘ಆಯ್ತು’ ಅಂದಿತು. ಮೂರನೇ ದಿನ ಕೆಂಬಾರೆಯಲ್ಲಿ ಕಳೆ ಕೀಳುತ್ತಿದ್ದ ಚನ್ನಾಜಮ್ಮನಿಗೆ ಹಾವು ಕಚ್ಚಿತು. ಉಪಕೇಂದ್ರದ ಡಬ್ಬಿ ಖಾಲಿ. ತಾಲ್ಲೂಕಿಗೆ ತರುವಷ್ಟರಲ್ಲಿ ವಿಷ ಏರಿತ್ತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ತಾನು ಕೊಟ್ಟ ಆಜ್ಞೆ ತೆಗೆದು ನೋಡಿದ ಸುನಂದಮ್ಮನ ಮೈಯೆಲ್ಲಾ ಉರಿದುಹೋಯಿತು. ಯಂತ್ರ ನೋಡಿಕೊಳ್ಳುವ ಯೋಗಾನಂದನ ಮುಂದೆ ಹೋಗಿ ನಿಂತರು.

“ಸೊನ್ನೆ ಕಳಿಸಿ ಆಯ್ತು ಅನ್ನುತ್ತಲ್ಲಯ್ಯಾ, ನಾಚಿಕೆ ಆಗಲ್ವಾ ನಿನಗೆ? ಎಷ್ಟು ಕಳಿಸಿದೆ ಅಂತ ಬಾಯಿಬಿಟ್ಟು ಹೇಳೋಕೇನು ರೋಗ?”

“ಅಮ್ಮಾ, ಉಪಕೇಂದ್ರಗಳ ಹಳೇ ಯಂತ್ರಗಳು ತಾವೇ ಇಲ್ಲಿಗೆ ಬೇಡಿಕೆ ಕಳಿಸ್ತವೆ. ಅವಕ್ಕೆ ‘ಆಯ್ತು’ ಒಂದೇ ಗೊತ್ತು. ಬೇರೆ ಏನು ಹೇಳಿದ್ರೂ ಕೆಲಸ ಆಗಿಲ್ಲ ಅಂದ್ಕೊಂಡು ಮತ್ತೆ ಮತ್ತೆ ಕೇಳ್ತವೆ.”

“ಕೇಳ್ಕೊಂಡು ಸಾಯಲಿ! ಇವತ್ತೇ ಬದಲಾಯಿಸು.”

ಆ ಬೈಗುಳಕ್ಕೆ ಹೆದರಿ ಅವನು ಬದಲಾಯಿಸಿಬಿಟ್ಟ. ಮಾರನೇ ಬೆಳಿಗ್ಗೆ ಹೊನ್ನೂರು ಉಪಕೇಂದ್ರದ ಹಳೇ ಯಂತ್ರ ಹತ್ತು ಇಂಜೆಕ್ಷನ್ ಕೇಳಿತು. ‘ಆಯ್ತು, ಹತ್ತು ಕಳಿಸಿದೆ’ ಅಂತ ಉತ್ತರ ಹೋಯಿತು. ಅದಕ್ಕೆ ಅರ್ಥವಾಗಲಿಲ್ಲ, ಮತ್ತೆ ಕೇಳಿತು. ಹೀಗೆ ಎಂಟು ಸಲ. ಉಗ್ರಾಣದಲ್ಲಿದ್ದ ಎಂಬತ್ತೂ ಇಂಜೆಕ್ಷನ್ ಜೀಪು ಹತ್ತಿ ಹೊನ್ನೂರಿನ ದಾರಿ ಹಿಡಿದವು. ಮಧ್ಯಾಹ್ನ ಹಾವು ಕಚ್ಚಿದ ಮುದುಕನೊಬ್ಬನನ್ನು ಆಸ್ಪತ್ರೆಗೆ ತಂದರೆ ಕಪಾಟಿನಲ್ಲಿ ಒಂದೂ ಇಲ್ಲ! ಸುನಂದಮ್ಮ ಫೋನಿನಲ್ಲಿ ಕಿರುಚಾಡಿ ಜೀಪು ವಾಪಸ್ ಕರೆಸಿದರು. ಮುದುಕ ಬದುಕಿದ, ಅವನ ಪುಣ್ಯ.

ಸಂಜೆ ಯೋಗಾನಂದ ತಲೆತಗ್ಗಿಸಿ, “ಹಳೇದನ್ನೇ ಹಾಕಿಬಿಡ್ಲಾ ಅಮ್ಮಾ?” ಅಂದ.

“ಹಾಕಿದ್ರೆ ಕೈ ಮುರೀತೀನಿ! ನಾನೂ ಹುಚ್ಚಿ, ನಿನ್ನ ಮಾತು ಪೂರ್ತಿ ಕೇಳ್ಲಿಲ್ಲ. ನೀನೂ ಹೇಡಿ, ನಾನು ಬೈದೆ ಅಂತ ಸುಮ್ಮನಾದೆ. ಈಗ ಕೇಳು. ಎಷ್ಟು ಹೋಯ್ತು ಅಂತ ಕೇಳೋರಿಗೆ ಪೂರ್ತಿ ಹೇಳು. ಹಳೇ ಯಂತ್ರಗಳಿಗೆ ಹಳೇ ಉತ್ತರಾನೇ ಕೊಡು. ಆದ್ರೆ ಸೊನ್ನೆ ಹೋದಾಗ ಮಾತ್ರ ಯಾರಿಗೂ ಆಯ್ತು ಅನ್ಬೇಡ.”

“ಅವು ಮತ್ತೆ ಮತ್ತೆ ಕೇಳ್ತವಲ್ಲಮ್ಮಾ?”

“ನೂರು ಸಲ ಕೇಳಲಿ. ನೂರು ಸಲವೂ ಸೊನ್ನೆಯೇ ತಾನೆ ಹೋಗೋದು? ಆ ಗಲಾಟೆಗೆ ಯಾರಾದ್ರೂ ಎದ್ದು ಬಂದು ನೋಡ್ತಾರೆ. ಚನ್ನಾಜಮ್ಮನ ವಿಷಯದಲ್ಲಿ ಯಾರೂ ನೋಡ್ಲಿಲ್ಲ.”

ನೀತಿ: ಹಳೆಯ ಮಾತನ್ನು ನಂಬಿದವರಿಗೆ ಹೇಳದೆ ಕೇಳದೆ ಮಾತು ಬದಲಾಯಿಸಬೇಡಿ. ಆದರೆ ಹಳೆಯದು ಅನ್ನುವ ಒಂದೇ ಕಾರಣಕ್ಕೆ ಸುಳ್ಳನ್ನು ಸಾಕಿಕೊಳ್ಳಲೂಬೇಡಿ. ಆಗದ ಕೆಲಸಕ್ಕೆ ‘ಆಯ್ತು’ ಅಂದರೆ ಅದರ ಪೆಟ್ಟು ಬೀಳುವುದು ಎಲ್ಲೋ ದೂರದಲ್ಲಿ ನಿಮ್ಮನ್ನು ನಂಬಿ ಕೂತವರಿಗೆ.